ಧರ್ಮ ಬೇಡ, ಹಕ್ಕು ಕೊಡಿ

ಮೈಸೂರಿನಿಂದ ನಂಜನಗೂಡಿನ ಹೆದ್ದಾರಿ ಹಿಡಿದು ಕಡಕೊಳ ದಾಟಿದರೆ ಚಿಕ್ಕಯ್ಯನಛತ್ರ ಹೋಬಳಿಯ ಸೀಮೆ. ತಾಂಡವಪುರ, ತಾಂಡ್ಯ, ಅಡಕನಹಳ್ಳಿ, ಹಿಮ್ಮಾವು. ರಾಗಿ, ಹುರುಳಿ ಬಿತ್ತುತ್ತಿದ್ದ ಹೊಲಗಳಲ್ಲಿ ಈಗ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ (ಕೆಐಎಡಿಬಿ) ಗಡಿಕಲ್ಲು, ತಗಡಿನ ಚಾವಣಿ, ಮುಳ್ಳುತಂತಿ. ಒಳಗೆ ಸ್ವಾಗತ ಕೊಠಡಿಗಳ ಗೋಡೆಯ ಮೇಲೆ ಗಾಜಿನ ಫಲಕ: ‘ನಮ್ಮ ಮೌಲ್ಯಗಳು’. ಪ್ರಾಮಾಣಿಕತೆ, ಪರಸ್ಪರ ಗೌರವ, ಸಮಾಜದ ಕಾಳಜಿ. ಆ ಫಲಕ ಓದಬೇಕಾದರೆ ಒಳಗೆ ಹೋಗಬೇಕು. ಒಳಗೆ ಹೋಗಲು ಪಾಸ್ ಬೇಕು. ಪಾಸ್ ಕೊಡುವವನು ಗುತ್ತಿಗೆದಾರ.

ಬೆಳಗಿನ ಪಾಳಿಯ ಹೊತ್ತಿಗೆ ಗೇಟಿನ ಬಳಿ ನಿಂತು ನೋಡಿ. ಕೊರಳಿಗೆ ನೇತುಹಾಕಿದ ಪಟ್ಟಿಯ ಬಣ್ಣ ನೋಡಿದರೆ ಸಾಕು, ಯಾರು ಕಾಯಂ, ಯಾರು ಕಾಂಟ್ರ್ಯಾಕ್ಟು ಎಂದು ಗೊತ್ತಾಗುತ್ತದೆ. ಹಾಜರಿಗೆ ಮುಖ ತೋರಿಸುವ ಯಂತ್ರ. ಒಂದು ದಿನ ಒಬ್ಬ ಹುಡುಗನ ಮುಖಕ್ಕೆ ಯಂತ್ರ ಕೆಂಪು ದೀಪ ಹೊತ್ತಿಸಿತು. ಮತ್ತೆ ತೋರಿಸಿದ, ಮತ್ತೆ ಕೆಂಪು. ಕ್ಯಾಪು ತೆಗೆದು, ಬೆವರು ಒರೆಸಿಕೊಂಡು ತೋರಿಸಿದ. ಹಿಂದಿನವರು ಪಕ್ಕದಿಂದ ಒಳಗೆ ಹೋದರು. ಆಮೇಲೆ ಸೆಕ್ಯುರಿಟಿಯವನೇ ಹೇಳಿದ: ‘ನಿಂಗೆ ಬ್ರೇಕ್ ಕೊಟ್ಟವ್ರೆ ಕನಪ್ಪ, ಕಾಂಟ್ರ್ಯಾಕ್ಟರ್‌ಗೆ ಫೋನ್ ಮಾಡು.’ ವರ್ಷದಲ್ಲಿ 240 ದಿನ ದುಡಿದರೆ ಕಾನೂನು ಅದನ್ನು ನಿರಂತರ ಸೇವೆ ಎಂದು ಪರಿಗಣಿಸುತ್ತದೆ. ಆ ಲೆಕ್ಕ ತುಂಬುವ ಮೊದಲೇ ಕೊಡುವ ರಜೆಗೆ ಬ್ರೇಕ್ ಎಂದು ಹೆಸರು. ಹಿಂದಾದರೆ ಹೊಟ್ಟೆಯ ಮೇಲೆ ಹೊಡೆಯಲು ಒಬ್ಬ ಮೇಸ್ತ್ರಿಯಾದರೂ ಎದುರು ಬಂದು ನಿಲ್ಲಬೇಕಿತ್ತು. ಅವನೊಂದಿಗೆ ಜಗಳವಾಡಬಹುದಿತ್ತು, ಕೊರಳಪಟ್ಟಿ ಹಿಡಿಯಬಹುದಿತ್ತು. ಈಗ ದೀಪ ಹೊತ್ತುತ್ತದೆ, ಅಷ್ಟೆ.

ಇದನ್ನು ತಂತ್ರಜ್ಞಾನದ ತಪ್ಪು ಅನ್ನುವಷ್ಟು ದಡ್ಡನಲ್ಲ ನಾನು. ಆ ಯಂತ್ರಕ್ಕೆ ಹಸಿರು ದೀಪವೂ ಗೊತ್ತು. 239ನೇ ದಿನ ಹುಡುಗನ ಹೆಸರು ಅಳಿಸು ಎಂದು ಹೇಳಿಕೊಟ್ಟವರು ಯಾರು? ಅದೇ ಯಂತ್ರದ ಲೆಕ್ಕವನ್ನು ಕಾರ್ಮಿಕ ಇಲಾಖೆಯ ಮೇಜಿಗೆ ತಲುಪಿಸಿದರೆ, ಯಾರು ಎಷ್ಟು ದಿನ, ಎಷ್ಟು ಗಂಟೆ ದುಡಿದರು ಎಂಬುದು ಒಂದೇ ನಿಮಿಷದಲ್ಲಿ ಬಯಲಾಗುತ್ತದೆ. ತಲುಪಿಸುವುದಿಲ್ಲ. ಯಂತ್ರ ಅವರದು, ಮುಖ ಮಾತ್ರ ನಮ್ಮದು.

ನೆಲದ ಕತೆಯೂ ಹೀಗೆಯೇ. ಈ ಕಡೆಯ ರೈತರಿಗೆ ಇಂಗ್ಲಿಷ್ ಬಾರದಿದ್ದರೂ ‘ಟ್ವೆಂಟಿಯೇಟ್ ಒನ್’ ಗೊತ್ತು, ‘ಟ್ವೆಂಟಿಯೇಟ್ ಫೋರ್’ ಗೊತ್ತು. 1966ರ ಕೈಗಾರಿಕಾ ಪ್ರದೇಶಗಳ ಅಭಿವೃದ್ಧಿ ಕಾಯ್ದೆಯ 28(1)ರಡಿ ಮೊದಲ ಅಧಿಸೂಚನೆ, 28(4)ರಡಿ ಅಂತಿಮ ಅಧಿಸೂಚನೆ. ಮೊದಲನೆಯದು ಬಂದ ದಿನ ಮನೆಯಲ್ಲಿ ನಿದ್ದೆ ಹೋಗುತ್ತದೆ, ಎರಡನೆಯದು ಬಂದ ದಿನ ಹೊಲ ಹೋಗುತ್ತದೆ. ‘ಜಮೀನ ಕೊಡಾಗ ಮನೆಗೊಂದು ಕೆಲ್ಸ ಅಂದ್ರು ಕನಪ್ಪ. ಈಗ ನನ್ ಮೊಮ್ಮಗ ಯಾರ ಕೆಲ್ಸದವ ಅಂತ ಅವ್ನಿಗೇ ಗೊತ್ತಿಲ್ಲ’ ಎಂದಳು ಒಬ್ಬ ಅಜ್ಜಿ. ಪಿಎಚ್‌.ಡಿ. ಮಾಡಿದವರೂ ಗುತ್ತಿಗೆ ಪದ್ಧತಿಯನ್ನು ಇಷ್ಟು ಸರಿಯಾಗಿ ಹೇಳಿದ್ದನ್ನು ನಾನು ಕೇಳಿಲ್ಲ. ನೆಲ ಕೊಟ್ಟವರ ಮಕ್ಕಳು ಕೆಲಸಕ್ಕಾಗಿ ಅದೇ ನೆಲದ ಗೇಟಿನ ಮುಂದೆ ಧರಣಿ ಕೂತದ್ದನ್ನು ಈ ಸೀಮೆ ಕಂಡಿದೆ.

ಹೀಗೆ ಅಂದರೆ ಸಾಕು, ಸಭ್ಯರು ಸಿಡಿಮಿಡಿಗೊಳ್ಳುತ್ತಾರೆ. ‘ಶಾಲೆಗೆ ಬೆಂಚು ಕೊಟ್ಟಿದ್ದಾರೆ, ಶುದ್ಧ ನೀರಿನ ಘಟಕ ಹಾಕಿಸಿದ್ದಾರೆ, ಕಣ್ಣಿನ ಶಿಬಿರ ನಡೆಸಿದ್ದಾರೆ. ಉದ್ಯಮಿಗಳಲ್ಲಿ ಒಳ್ಳೆಯವರಿಲ್ಲವೇ?’ ಇದ್ದಾರೆ. ಇರಲಿ, ಅವರ ಮನೆ ತಣ್ಣಗಿರಲಿ. ಆದರೆ ಕಾಳಜಿ ಎಂದು ಕರೆಯುವ ಈ ವಸ್ತುವಿಗೆ 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ದರ ಗೊತ್ತುಮಾಡಿದೆ: ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ನಿವ್ವಳ ಲಾಭದ ಶೇ 2ರಷ್ಟು ಖರ್ಚು ಮಾಡಬೇಕು. ಕಾನೂನು ಕಡ್ಡಾಯ ಮಾಡಿದ್ದನ್ನು ದಾನ ಎಂದು ಬೋರ್ಡು ಬರೆಸಿ, ನಮ್ಮ ಮಕ್ಕಳಿಂದ ಚಪ್ಪಾಳೆ ತಟ್ಟಿಸುತ್ತಾರೆ. ಶೇ 2ರ ಬೆಂಚಿನ ಮೇಲೆ ಕೂತು ಓದಿದ ಹುಡುಗ ಉಳಿದ ಶೇ 98ರ ಗೇಟಿನಲ್ಲಿ ಕೆಂಪು ದೀಪ ನೋಡಿ ವಾಪಸ್ ಬರುತ್ತಾನೆ. ಒಬ್ಬ ಮಾಲೀಕನ ಒಳ್ಳೆಯತನ ಅವನು ಷೇರು ಮಾರಿದ ದಿನಕ್ಕೆ ಮುಗಿಯುತ್ತದೆ. ನಮ್ಮ ಅನ್ನ ಅದರ ಮೇಲೆ ನಿಲ್ಲಬಾರದು.

ಸರ್ಕಾರ ಏನು ಮಾಡುತ್ತಿದೆ? ಹೆದರುತ್ತಿದೆ. ಸ್ಥಳೀಯರಿಗೆ ಉದ್ಯೋಗ ಕುರಿತ ಸರೋಜಿನಿ ಮಹಿಷಿ ಸಮಿತಿ 1986ರಲ್ಲೇ 58 ಶಿಫಾರಸುಗಳ ವರದಿ ಕೊಟ್ಟಿತು. ಕೊನೆಗೂ 2024ರ ಜುಲೈನಲ್ಲಿ, ಆಡಳಿತ ಹುದ್ದೆಗಳಲ್ಲಿ ಶೇ 50, ಉಳಿದ ಹುದ್ದೆಗಳಲ್ಲಿ ಶೇ 70 ಸ್ಥಳೀಯರಿಗೆ ಎಂಬ ಮಸೂದೆಗೆ ಸಂಪುಟ ಒಪ್ಪಿತು. ಕಂಪನಿಗಳು ಗುಡುಗಿದವು. ಊರು ಬಿಟ್ಟು ಹೋಗುವ ಮಾತು ಬಂತು. ಎರಡೇ ದಿನದಲ್ಲಿ ಮಸೂದೆಗೆ ತಡೆ ಬಿತ್ತು. ಆಗ ಮುಖ್ಯಮಂತ್ರಿಯಾಗಿದ್ದ ಸಿದ್ದರಾಮಯ್ಯನವರು ಗೆದ್ದು ಬಂದದ್ದು ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳ ಹಳ್ಳಿಗಳೂ ಸೇರಿರುವ ವರುಣ ಕ್ಷೇತ್ರದಿಂದ. ಅದೇ ವಿಧಾನಸೌಧ 2023ರ ಫೆಬ್ರುವರಿಯಲ್ಲಿ, ಇನ್ನೊಂದು ಪಕ್ಷದ ಆಡಳಿತದಲ್ಲಿ, ದಿನಕ್ಕೆ 12 ಗಂಟೆಯವರೆಗೆ ದುಡಿಸಲು ಅವಕಾಶ ಕೊಡುವ ಕಾರ್ಖಾನೆ ತಿದ್ದುಪಡಿಯನ್ನು ಚಕಚಕನೆ ಪಾಸು ಮಾಡಿತ್ತು. ಕೂಲಿಯವನ ವರದಿಗೆ ನಾಲ್ಕು ದಶಕವೂ ಸಾಲದು, ಧಣಿಯ ಮಸೂದೆಗೆ ಒಂದು ಅಧಿವೇಶನ ಸಾಕು. ಪಕ್ಷ ಯಾವುದಾದರೇನು?

ಇಲ್ಲೊಂದು ಮಾತು ಕಿವಿ ಹಿಂಡಿ ಹೇಳಬೇಕು. ಒಡಿಶಾ, ಬಿಹಾರದಿಂದ ಬಂದ ಹುಡುಗನ ಮೇಲೆ ಕೈ ಎತ್ತಬೇಡಿ. ಶೆಡ್ಡಿನಲ್ಲಿ ಮಲಗಿ, ಭಾಷೆ ಬಾರದೆ, ಸಂಘ ಕಟ್ಟಲಾಗದೆ ದುಡಿಯುವ ಅವನೂ ಎಲ್ಲೋ ನೆಲ ಕಳೆದುಕೊಂಡವನೇ. ಅವನನ್ನು ಕರೆತಂದದ್ದೇ ನಿಮ್ಮ ಕೂಲಿ ಇಳಿಸಲು. ಅವನ ಕೂಲಿ ಏರಿದರೆ ಮಾತ್ರ ನಿಮ್ಮದೂ ಏರೀತು.

ಜಾಗತೀಕರಣವನ್ನು ಯಾರೂ ತಡೆಯಲಾಗದು, ಅದು ಮಳೆ ಬಿಸಿಲಿನ ಹಾಗೆ ಎಂದು ಬೋಧಿಸುವವರು ತಿ. ನರಸೀಪುರದ ಕಡೆ ಬನ್ನಿ. 2011ರ ಕೇಂದ್ರ ಬಜೆಟ್ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ ಶೇ 5ಕ್ಕೆ ಇಳಿಸಿತು. ಚೀನಾ ರೇಷ್ಮೆ ನುಗ್ಗಿತು, ಇಲ್ಲಿ ಗೂಡಿನ ಬೆಲೆ ನೆಲಕಚ್ಚಿತು. ರಾತ್ರಿಯೆಲ್ಲ ಹುಳಕ್ಕೆ ಸೊಪ್ಪು ಹಾಕಿ, ಹಣ್ಣಾದ ಹುಳವನ್ನು ಒಂದೊಂದಾಗಿ ಆಯ್ದು ಗೂಡು ಕಟ್ಟಲು ಚಂದ್ರಿಕೆಗೆ ಬಿಡುವ ಹೆಂಗಸಿಗೆ ದೆಹಲಿಯ ಆ ಒಂದು ಸಾಲು ಗೊತ್ತೇ ಇರಲಿಲ್ಲ. ರೈತರು ಬೀದಿಗೆ ಬಿದ್ದು ಕೂಗಿದ ಮೇಲೆ, 2013ರಲ್ಲಿ ಸುಂಕ ಶೇ 15ಕ್ಕೆ ಏರಿತು. ಮಳೆಯಾಗಿದ್ದರೆ ಕೂಗಿಗೆ ನಿಲ್ಲುತ್ತಿತ್ತೇ? ಅದು ಮನುಷ್ಯರು ಬರೆದ ಸಾಲು. ಮನುಷ್ಯರೇ ತಿದ್ದಿದರು.

ಇದೇ ತಿ. ನರಸೀಪುರದಲ್ಲಿ ರೇಷ್ಮೆ ನೂಲು ತೆಗೆಯುವ ಸರ್ಕಾರಿ ಫಿಲೇಚರ್ ಇದೆ. 1912ರಲ್ಲಿ ಶುರುವಾದ ಮೈಸೂರಿನ ನೇಯ್ಗೆ ಕಾರ್ಖಾನೆ ಇದೆ. ಎರಡೂ ಸರ್ಕಾರದ ರೇಷ್ಮೆ ಕೈಗಾರಿಕೆಗಳ ನಿಗಮದವು. ಅಲ್ಲಿನ ಮೈಸೂರು ಸಿಲ್ಕ್ ಸೀರೆಗೆ ಜನ ಬೆಳಗಿನ ಜಾವ ಎದ್ದು ಸಾಲು ನಿಲ್ಲುತ್ತಾರೆ. ನೆಲದ ಬೆಳೆ, ನೆಲದ ಕಸುಬು, ಸಾರ್ವಜನಿಕ ಒಡೆತನ, ಜೊತೆಗೆ ಆಧುನಿಕ ಯಂತ್ರ ಇವೆಲ್ಲ ಒಟ್ಟಿಗೆ ಬಾಳಬಹುದು ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು?

1992ರ ಡಿಸೆಂಬರ್‌ನಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರೈತ ಸಂಘ ಬೆಂಗಳೂರಿನ ಕಾರ್ಗಿಲ್ ಬೀಜ ಕಂಪನಿಯ ಕಚೇರಿಗೆ ನುಗ್ಗಿದಾಗ, ಹಸಿರು ಶಾಲಿನವರಿಗೆ ವಿಜ್ಞಾನ ಗೊತ್ತಿಲ್ಲ ಎಂದು ನಕ್ಕವರಿದ್ದರು. ಅವರು ಕೇಳಿದ್ದು ಬೀಜದ ಒಡೆಯ ಯಾರು ಎಂದು. ಇವತ್ತು ನೆಲದ ಒಡೆಯ ಯಾರು, ಹಾಜರಿ ಲೆಕ್ಕದ ಒಡೆಯ ಯಾರು, ನನ್ನ ಮುಖದ ಒಡೆಯ ಯಾರು ಎಂದು ಕೇಳುವ ಸರದಿ ನಮ್ಮದು.

ಕೇಳಿಬಿಡೋಣ. ಕೈಗಾರಿಕೆಗೆ ನೆಲ ಬೇಕಾದರೆ ಗುತ್ತಿಗೆಗೆ ತೆಗೆದುಕೊಳ್ಳಲಿ. ಕೂಲಿಯವನನ್ನು ಗುತ್ತಿಗೆಗೆ ಇಟ್ಟುಕೊಳ್ಳಲು ಬರುವವರಿಗೆ ನೆಲವನ್ನು ಗುತ್ತಿಗೆಗೆ ಇಟ್ಟುಕೊಳ್ಳಲು ಏನು ಕಷ್ಟ? ಪಹಣಿಯಲ್ಲಿ ರೈತನ ಹೆಸರು ಉಳಿಯಲಿ, ವರ್ಷ ವರ್ಷ ಬಾಡಿಗೆ ಏರಲಿ. ಮನೆಗೊಂದು ಕೆಲಸ ಎಂಬ ಮಾತು ಭೂಸ್ವಾಧೀನದ ಆದೇಶದಲ್ಲೇ ಅಚ್ಚಾಗಲಿ, ಕಾಯಂ ಎಂಬ ಪದದೊಂದಿಗೆ. ಶೇ 2ರ ದುಡ್ಡು ಎಲ್ಲಿ ಖರ್ಚಾಗಬೇಕೆಂದು ಗ್ರಾಮಸಭೆ ಹೇಳಲಿ. ಗೇಟಿನ ಯಂತ್ರದ ಲೆಕ್ಕ ದುಡಿದವನ ಮೊಬೈಲಿಗೂ ಕಾರ್ಮಿಕ ಇಲಾಖೆಗೂ ಅದೇ ದಿನ ಬರಲಿ. ಇಷ್ಟನ್ನೂ ಕಾನೂನು ಮಾಡಿ. ಆಮೇಲೆ ನಿಮ್ಮ ಗೋಡೆಯ ಮೇಲೆ ಏನು ಬೇಕಾದರೂ ಬರೆಸಿಕೊಳ್ಳಿ, ನಮ್ಮ ತಕರಾರಿಲ್ಲ. ಮಾಡದಿದ್ದರೆ ಮುಂದಿನ 28(1) ನೋಟಿಸು ಹಿಡಿದು ಊರಿಗೆ ಬರುವ ಅಧಿಕಾರಿಯನ್ನು ಊರಬಾಗಿಲಲ್ಲೇ ನಿಲ್ಲಿಸಿ, ‘ಪಾಸ್ ತೋರಿಸಿ’ ಎಂದು ಕೇಳುತ್ತೇವೆ.