ಲೀಡ್ ಗಿಟಾರಿಗೂ ಒಂದು ‘ಸಾ’ ಬೇಕು

ಹೇಮಗುಡ್ಡದ ದಸರೆಯಿಂದ ಆನೆಗೊಂದಿ ಉತ್ಸವದವರೆಗೆ, ಊರೂರ ಜಾತ್ರೆಯ ರಸಮಂಜರಿಗಳನ್ನೂ ಸೇರಿಸಿ, ಗಂಗಾವತಿ ಸೀಮೆಯಲ್ಲಿ ಹಾಡುವ ವೇದಿಕೆಗಳಿಗೆ ಕೊರತೆಯಿಲ್ಲ. ಎಲೆಕ್ಟ್ರಿಕ್ ಗಿಟಾರ್ ಕೂಡ ಈಗ ಬೆರಗಿನ ವಸ್ತುವಲ್ಲ. ಮೊಬೈಲ್ ನೋಡಿ ಕಲಿತ ಹುಡುಗರು ಸಿನಿಮಾ ಹಾಡಿನ ಲೀಡ್ ತುಣುಕನ್ನು ಚಾಚೂ ತಪ್ಪದೆ ನುಡಿಸುತ್ತಾರೆ. ಗಾಯಕ ‘ಇವತ್ತು ಗಂಟಲು ಕಟ್ಟಿದೆ, ಶ್ರುತಿ ಇಳಿಸು’ ಎಂದ ಕೂಡಲೇ ತೊಡಕು ಶುರು. ಪಕ್ಕದ ಪೇಟಿ ಮಾಸ್ತರರು ಬೇರೊಂದು ಮನೆಯನ್ನು ಸಾ ಮಾಡಿಕೊಂಡು ಮುಂದೆ ಹೋಗುತ್ತಾರೆ. ಫ್ರೆಟ್ ಸಂಖ್ಯೆಯನ್ನಷ್ಟೇ ಉರು ಹೊಡೆದ ಗಿಟಾರಿಸ್ಟ್ ಅಲ್ಲೇ ನಿಲ್ಲುತ್ತಾನೆ.

ಬೆರಳಿನ ವೇಗ ಹೆಚ್ಚಿಸಿಕೊಂಡರೆ ಈ ತೊಡಕು ಬಗೆಹರಿಯುವುದಿಲ್ಲ. ಇದಕ್ಕೆ ಬೇಕಾದದ್ದು ಸಂಗೀತಶಾಸ್ತ್ರ. ಅದು ಪಾಶ್ಚಾತ್ಯರ ಸೊತ್ತೆಂದು ಹೆದರುವ ಅಗತ್ಯವೂ ಇಲ್ಲ. ಆನೆಗೊಂದಿಯಿಂದ ತುಂಗಭದ್ರೆ ದಾಟಿದರೆ ಹಂಪಿ. ಆ ವಿಜಯನಗರದ ಅಳಿಯ ರಾಮರಾಯನ ಆಶ್ರಯದಲ್ಲೇ ರಾಮಾಮಾತ್ಯ 1550ರಲ್ಲಿ ‘ಸ್ವರಮೇಳಕಲಾನಿಧಿ’ ಬರೆದ. ಅದರ ಐದು ಪ್ರಕರಣಗಳಲ್ಲಿ ಒಂದು ಪೂರ್ತಿ ವೀಣೆಗೆ ಮೀಸಲು: ಯಾವ ತಂತಿಯ ಯಾವ ಮೆಟ್ಟಿಲಲ್ಲಿ ಯಾವ ಸ್ವರ ಎಂಬ ಲೆಕ್ಕ. ಅದರ ಮುಂದಿನದರಲ್ಲಿ 20 ಮೇಳಗಳ, ಅಂದರೆ ಸ್ವರಶ್ರೇಣಿಗಳ, ವಿವರ. ಲೀಡ್ ಗಿಟಾರಿಸ್ಟ್ ಇಂದು ಕಲಿಯಬೇಕಾದದ್ದೂ ಇವೇ ಎರಡು.

ಗಿಟಾರಿನಲ್ಲಿ ಈ ಲೆಕ್ಕ ಇನ್ನಷ್ಟು ಮುಖ್ಯ. ಒಂದನೇ ತಂತಿಯನ್ನು ಒತ್ತದೆ ಮೀಟಿದರೆ ಬರುವ ಇ ಸ್ವರವೇ ಎರಡನೇ ತಂತಿಯ 5ನೇ, ಮೂರನೆಯದರ 9ನೇ, ನಾಲ್ಕನೆಯದರ 14ನೇ, ಐದನೆಯದರ 19ನೇ ಫ್ರೆಟ್‌ನಲ್ಲೂ ಸಿಗುತ್ತದೆ. ಒಂದೇ ಸ್ವರಕ್ಕೆ ಐದು ವಿಳಾಸ! ಒಂದನ್ನೇ ಬಲ್ಲವನು ಕೈ ಸ್ವಲ್ಪ ಆಚೀಚೆ ಸರಿದರೂ ದಾರಿ ತಪ್ಪುತ್ತಾನೆ.

ಎ ಮೈನರ್, ಎಫ್, ಸಿ, ಜಿ. ಈ ನಾಲ್ಕು ಕಾರ್ಡ್‌ಗಳು ಎಷ್ಟೋ ಹಾಡುಗಳಲ್ಲಿ ಸುತ್ತಿ ಸುತ್ತಿ ಬರುತ್ತವೆ. ಅವುಗಳ ಮೇಲೆ ಕಲಿಯುವವರು ಮೊದಲು ನುಡಿಸುವುದು ‘ಮೈನರ್ ಪೆಂಟಟಾನಿಕ್’: ಎ, ಸಿ, ಡಿ, ಇ, ಜಿ. ಎ ಅನ್ನು ಸಾ ಎಂದುಕೊಂಡರೆ ಸಾ, ಕೋಮಲ ಗ, ಮ, ಪ, ಕೋಮಲ ನಿ. ಅಂದರೆ ಧಾನಿ ರಾಗದ ಸ್ವರಗಳು. ಸಿ ಅನ್ನು ಸಾ ಮಾಡಿಕೊಂಡರೆ ಅವೇ ಐದು ಸ್ವರ ಭೂಪ ರಾಗದವು. ಭಜನೆಗಳಲ್ಲಿ ಭೂಪ ಕೇಳಿ ಬೆಳೆದ ಕಿವಿಗೆ ಇದೇನೂ ಹೊಸದಲ್ಲ.

ಇನ್ನೊಂದು ಹೆಜ್ಜೆ. ಕಾರ್ಡ್ ಮೇಜರೋ ಮೈನರೋ ಎಂದು ತಿಳಿಸುವುದು ಅದರ ಗಾಂಧಾರ, ಅಂದರೆ ಕಾರ್ಡಿನ ಹೆಸರಿನ ಸ್ವರವನ್ನೇ ಸಾ ಎಂದುಕೊಂಡಾಗ ಸಿಗುವ ಗ. ಎ ಮೈನರ್‌ನ ಗಾಂಧಾರ ಸಿ, ಎಫ್‌ನದು ಎ, ಸಿ ಕಾರ್ಡಿನದು ಇ. ಮೂರೂ ಆ ಐದು ಸ್ವರಗಳಲ್ಲೇ ಇವೆ. ಜಿ ಕಾರ್ಡಿನ ಗಾಂಧಾರವಾದ ಬಿ ಮಾತ್ರ ಇಲ್ಲ. ಜಿ ಬಂದಾಗ ಬಿ ಸ್ವರಕ್ಕೆ ಹೋಗಿ ನಿಂತವನ ಲೀಡ್ ಹಾಡಿನ ಜೊತೆಗೇ ನಡೆಯುತ್ತದೆ. ಉಳಿದವರದು ಹಾಡಿನ ಮೇಲೆ ತೇಲುತ್ತದೆ, ಅಷ್ಟೆ. ತಂತಿ ಎಳೆಯುವ ‘ಬೆಂಡ್’ ಕೂಡ ಹೀಗೆಯೇ. ಅದು ಮೀಂಡ್‌ನ ಸೋದರ. ಎಳೆತ ಯಾವ ಸ್ವರಕ್ಕೆ ಮುಟ್ಟಬೇಕೆಂದು ಕಿವಿಗೆ ತಿಳಿಯದಿದ್ದರೆ ಅದು ಬರೀ ಬೇಸುರ.

ಹೆಸರಾಂತ ಗಿಟಾರಿಸ್ಟ್ ಜಿಮಿ ಹೆಂಡ್ರಿಕ್ಸ್‌ಗೆ ಸ್ವರಲಿಪಿ ಓದಲು ಬರುತ್ತಿರಲಿಲ್ಲವಲ್ಲ ಎಂದು ವಾದಿಸುವವರುಂಟು. ನಿಜ, ಬರುತ್ತಿರಲಿಲ್ಲ. ಆದರೆ ಲಿಪಿಯೇ ಶಾಸ್ತ್ರವಲ್ಲ. ಕೊಪ್ಪಳದಿಂದ ರೈಲು ಹತ್ತಿದರೆ ಸಿಗುವ ಗದಗದ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು ತಲೆಮಾರುಗಟ್ಟಲೆ ಅಂಧ ಮಕ್ಕಳಿಗೆ ಸಂಗೀತ ಕಲಿಸಿದರು. ಗುರುಗಳಿಬ್ಬರಿಗೂ ಕಣ್ಣು ಕಾಣುತ್ತಿರಲಿಲ್ಲ. ಅಲ್ಲಿ ಶಾಸ್ತ್ರ ದಾಟಿದ್ದು ಕಿವಿಯಿಂದ ಕಿವಿಗೆ.

ಗಿಟಾರ್ ಕಲಿಸುವವರು ಮುಂದಿನ ಹಾಡಿನ ಟ್ಯಾಬ್ (ಫ್ರೆಟ್ ಸಂಖ್ಯೆಗಳ ಬರಹ) ಕೊಡುವ ಮೊದಲು ಮೂರು ಕೆಲಸ ಮಾಡಿಸಲಿ. ಒಂದೇ ತಂತಿಯ ಮೇಲೆ ಸರಿಗಮವನ್ನು ಬಾಯಲ್ಲಿ ಹೇಳುತ್ತಾ ನುಡಿಸಲು ಹಚ್ಚಲಿ. ಪ್ರತಿ ಕಾರ್ಡಿನ ಗಾಂಧಾರವನ್ನು ಹುಡುಕಿಸಲಿ. ಕಲಿತ ಹಾಡನ್ನೇ ಇನ್ನೆರಡು ಶ್ರುತಿಗಳಲ್ಲಿ ನುಡಿಸಲು ಹೇಳಲಿ. ಅನುಮಾನ ಬಂದರೆ ಕೇಳಲು ಊರಿನ ಪೇಟಿ ಮಾಸ್ತರರು ಇದ್ದೇ ಇದ್ದಾರೆ.