ತೊಗರಿಬೇಳೆಗೆ ಸಿಕ್ಕಿಬೀಳುವ ಯೂರಿಯಾ

ಹಾಲಿನ ಡೇರಿಯಲ್ಲಿ ಲ್ಯಾಕ್ಟೋಮೀಟರ್ ತೇಲಿಬಿಟ್ಟು ನೋಡುವುದನ್ನು ಹಳ್ಳಿಯ ಮಕ್ಕಳು ಕಂಡಿರುತ್ತಾರೆ. ನೀರು ಬೆರೆತ ಹಾಲಿನ ಸಾಂದ್ರತೆ ಕಡಿಮೆ. ಅದರಲ್ಲಿ ಆ ಗಾಜಿನ ಬುರುಡೆ ಹೆಚ್ಚು ಆಳಕ್ಕೆ ಇಳಿಯುತ್ತದೆ. ಆದರೆ ಕಲಬೆರಕೆ ಮಾಡುವವನಿಗೂ ಅಷ್ಟು ಭೌತಶಾಸ್ತ್ರ ಗೊತ್ತು! ನೀರಿನ ಜೊತೆಗೆ ಯೂರಿಯಾ ಕರಗಿಸಿಬಿಟ್ಟರೆ ಸಾಂದ್ರತೆ ಮತ್ತೆ ಮೇಲೇರುತ್ತದೆ. ಲ್ಯಾಕ್ಟೋಮೀಟರ್ ಪಾಪ, ಮೋಸ ಹೋಗುತ್ತದೆ.

ಇಲ್ಲಿ ನೆರವಿಗೆ ಬರುವುದು ಅಡುಗೆಮನೆಯ ತೊಗರಿಬೇಳೆ. ಅದರಲ್ಲಿ ಯೂರಿಯೇಸ್ ಎಂಬ ಕಿಣ್ವವಿದೆ. ಅದು ಯೂರಿಯಾವನ್ನು ಒಡೆದು ಅಮೋನಿಯಾ ಬಿಡುಗಡೆ ಮಾಡುತ್ತದೆ. ಅಮೋನಿಯಾ ಕ್ಷಾರೀಯ, ಕೆಂಪು ಲಿಟ್ಮಸ್ ಕಾಗದವನ್ನು ನೀಲಿಯಾಗಿಸುತ್ತದೆ. ಒಂದು ಚಮಚ ಹಾಲಿಗೆ ಅರ್ಧ ಚಮಚ ತೊಗರಿ ಅಥವಾ ಸೋಯಾ ಪುಡಿ ಹಾಕಿ ಚೆನ್ನಾಗಿ ಕಲಕಿ, 5 ನಿಮಿಷ ಬಿಟ್ಟು, ಲಿಟ್ಮಸ್ಸನ್ನು ಅರ್ಧ ನಿಮಿಷ ಅದ್ದಿ. ಹುರಿದ ಬೇಳೆ ಬೇಡ. ಕಾವಿಗೆ ಕಿಣ್ವ ಕೆಡುತ್ತದೆ. (ಇದೇ ಯೂರಿಯೇಸನ್ನು 1926ರಲ್ಲಿ ಸ್ಫಟಿಕ ರೂಪದಲ್ಲಿ ಬೇರ್ಪಡಿಸಿ, ಕಿಣ್ವವೆಂದರೆ ಪ್ರೋಟೀನ್ ಎಂದು ತೋರಿಸಿದವರು ಅಮೆರಿಕದ ಜೇಮ್ಸ್ ಸಮ್ನರ್. ಹುಡುಗನಾಗಿದ್ದಾಗಲೇ ಎಡಗೈ ಕಳೆದುಕೊಂಡಿದ್ದ ಅವರಿಗೆ 1946ರಲ್ಲಿ ನೊಬೆಲ್ ಬಂತು.)

ಕಾಗದ ನೀಲಿಯಾದೊಡನೆ ಹಾಲಿನವರ ಮೇಲೆ ಹರಿಹಾಯಬೇಡಿ. ಹಾಲು ಒಡೆಯದಿರಲೆಂದು ಸೋಡಾ ಹಾಕಿದ್ದರೂ ನೀಲಿ ಬಂದೀತು. ಆದ್ದರಿಂದ ಪುಡಿ ಹಾಕುವ ಮೊದಲೇ ಒಮ್ಮೆ ಲಿಟ್ಮಸ್ ಅದ್ದಿ ನೋಡಬೇಕು. ಇನ್ನೊಂದು ಮಾತು: ಒಳ್ಳೆಯ ಹಾಲಿನಲ್ಲೂ ಸ್ವಲ್ಪ ಯೂರಿಯಾ ಸಹಜವಾಗಿಯೇ ಇರುತ್ತದೆ. ನಮ್ಮ ಕಾನೂನು ದಶಲಕ್ಷಕ್ಕೆ 700 ಭಾಗದವರೆಗೆ ಒಪ್ಪುತ್ತದೆ. ನಂಬಿಕೆಯ ಮನೆಯ ಹಾಲನ್ನು ಪಕ್ಕದಲ್ಲಿಟ್ಟು, ಎರಡನ್ನೂ ಒಟ್ಟಿಗೆ ಪರೀಕ್ಷಿಸಿ. ಎಷ್ಟಿದೆ ಎಂಬ ಲೆಕ್ಕ ಹೇಳಬೇಕಾದದ್ದು ಪ್ರಯೋಗಾಲಯ. ಪರೀಕ್ಷಿಸಿದ ಹಾಲನ್ನಂತೂ ಚೆಲ್ಲಿಬಿಡಿ.

ಲಿಟ್ಮಸ್ ಕೆಂಪಾಗಿಯೇ ಉಳಿದರೆ ಹಾಲು ಶುದ್ಧ ಎನ್ನಬಹುದೇ? ಇಲ್ಲ. 2008ರಲ್ಲಿ ಚೀನಾದಲ್ಲಿ ನಡೆದದ್ದನ್ನು ನೋಡಿ. ಅಲ್ಲಿ ಹಾಲಿನ ಪ್ರೋಟೀನನ್ನು ಅದರ ಸಾರಜನಕ ಅಳೆದು ಅಂದಾಜು ಮಾಡುತ್ತಿದ್ದರು. ನೀರು ಬೆರೆಸಿದವರು ಮೆಲಮೈನ್ ಸೇರಿಸಿದರು. ಪ್ಲಾಸ್ಟಿಕ್ ತಟ್ಟೆಗಳ ತಯಾರಿಕೆಯಲ್ಲಿ ಬಳಸುವ ಈ ವಸ್ತುವಿನ ತೂಕದಲ್ಲಿ ಮೂರನೇ ಎರಡು ಭಾಗ ಸಾರಜನಕವೇ. ಪರೀಕ್ಷೆಯಲ್ಲಿ ಹಾಲು ಪಾಸಾಯಿತು. ಆ ಹಾಲಿನ ಪುಡಿ ಕುಡಿದ ಸುಮಾರು 3 ಲಕ್ಷ ಮಕ್ಕಳು ಕಾಯಿಲೆ ಬಿದ್ದರು. ಬಹಳ ಮಕ್ಕಳ ಮೂತ್ರಪಿಂಡದಲ್ಲಿ ಕಲ್ಲು. 6 ಹಸುಗೂಸುಗಳು ತೀರಿಕೊಂಡವು. ಯೂರಿಯೇಸ್ ಮೆಲಮೈನನ್ನು ಮುಟ್ಟುವುದಿಲ್ಲ. ಹಾಗಾಗಿ ನಮ್ಮ ತೊಗರಿಬೇಳೆಯೂ ಅಲ್ಲಿ ಸುಮ್ಮನಿರುತ್ತಿತ್ತು.

ಈಗ ಮೆಲಮೈನ್‌ಗೆಂದೇ ಪ್ರತಿಕಾಯ ಲೇಪಿಸಿದ ಕಾಗದದ ಪಟ್ಟಿಗಳಿವೆ. ಸ್ಥಳದಲ್ಲೇ ಕೆಲವು ನಿಮಿಷಗಳಲ್ಲಿ ಉತ್ತರ ಸಿಗುತ್ತದೆ. ಪಟ್ಟಿಯಲ್ಲಿ ಎರಡು ಗೆರೆ: ಒಂದು ಪಟ್ಟಿ ಸರಿಯಾಗಿದೆ ಎನ್ನಲು, ಇನ್ನೊಂದು ಹಾಲಿನ ಪರೀಕ್ಷೆಗೆ. ಪರೀಕ್ಷೆಯ ಗೆರೆ ಮೂಡಿದರೆ ಹಾಲಿಗೆ ಮೆಲಮೈನ್ ಸೇರಿಲ್ಲ, ಮೂಡದಿದ್ದರೆ ಸಂಶಯಪಡಬೇಕು.