ಮರುವಾಯಿಗೆ ಕುಪ್ಪಿ ಹಾಲು ಬೇಡ

ಚಾವಡಿಲಿ ಕಡಲ ನೀರಿನ ಗಾಜಿನ ಪೆಟ್ಟಿಗೆ ಮಡುಗುವ ಮರ್ಲು ಅಮೆರಿಕಲ್ಲಿಪ್ಪ ನಮ್ಮ ಮಾಣಿಯಂಗೊಕ್ಕೂ ಹಿಡುದ್ದು. ಮೀನು, ಹವಳ ಎಲ್ಲ ಆಗಿ ಅಕೇರಿಗೆ ಬಪ್ಪದು ಟ್ರೈಡಾಕ್ನಾ ಹೇಳ್ತ ಜಾತಿಯ ಮರುವಾಯಿ. ನಮ್ಮ ಅಳಿವೆಬಾಗಿಲಿನ ಕರಿ ಮರುವಾಯಿ ಅಲ್ಲ ಇದು; ನೀಲಿ, ಹಸುರು, ಚಿನ್ನದ ಬಣ್ಣದ ತುಟಿ ಬಿಡುಸಿ ಕೂದರೆ ನವಿಲುಗರಿಯ ಹಾಂಗೆ ಕಾಣ್ತು. ಚೆಂದ ಅಪ್ಪು. ಆದರೆ ಅಂಗಡಿಯವು ಇದರೊಟ್ಟಿಂಗೆ "ಮರುವಾಯಿಯ ಆಹಾರ" ಹೇಳಿ ಒಂದು ಪಚ್ಚೆ ಕುಪ್ಪಿ ಮಾರ್ತವನ್ನೆ, ಅದರ ಮೇಲೆ ಎನಗೆ ದೊಡ್ಡ ತಕರಾರು ಇದ್ದು.

ಈ ಜೀವಿಯ ಅಡಿಗೆಮನೆ ಅದರ ಮೈಲಿಯೇ ಇದ್ದು. ಆ ತುಟಿಯ ಒಳ ಕಣ್ಣಿಂಗೆ ಕಾಣದ್ದಷ್ಟು ಸಣ್ಣ ಪಾಚಿ ಕೂದೊಂಡಿದ್ದು; ಬೆಣಚ್ಚು ಬಿದ್ದರೆ ಅದು ಸಕ್ಕರೆ ಮಾಡ್ತು, ಮರುವಾಯಿ ಉಣ್ತು. ಮೀನು ಬಿಡ್ತ ಅಮೋನಿಯಾ, ಅದರಿಂದ ಅಪ್ಪ ನೈಟ್ರೇಟು ಆ ಪಾಚಿಗೆ ಗೊಬ್ಬರ. ಸಣ್ಣ ಮರುವಾಯಿ ನೀರು ಸೋಸಿಯೂ ತಿಂತು, ಅಲ್ಲ ಹೇಳಿ ವಾದ ಮಾಡ್ತಿಲ್ಲೆ ಆನು. ಆದರೆ ನಾಲ್ಕು ಮೀನಿಂಗೆ ದಿನಾ ತಿಂಬಲೆ ಹಾಕುವ ಪೆಟ್ಟಿಗೆಲಿ ಅಷ್ಟು ತೇಲಿಗೊಂಡೇ ಇರ್ತು. ಬಡ ಬೆಣಚ್ಚಿನ ಅಡಿಲಿ ಮಡಗಿಕ್ಕಿ ಕುಪ್ಪಿಂದ ಎರದರೆ ಹೊಟ್ಟೆ ತುಂಬುಗೋ? ನೀರು ಹಾಳಪ್ಪದು ಮಾಂತ್ರ. ಇನ್ನು ಕೆಲವು ಜೆನ ನೈಟ್ರೇಟು ಸೊನ್ನೆ ಆತು ಹೇಳಿ ಕೊಣಿತ್ತವು! ಗೊಬ್ಬರ ಕೊಡದ್ದೆ ಅಡಕ್ಕೆ ತೋಟ ಫಲ ಕೊಡ್ತೋ? ನಮ್ಮವಕ್ಕೆ ಅದಾದರೂ ಗೊಂತಿರೆಡದೋ!

ನಿಜವಾಗಿ ಕಮ್ಮಿ ಬೀಳುದು ಚಿಪ್ಪು ಕಟ್ಟುವ ಸಾಮಾನು. ಕ್ಷಾರತೆ 8–9 ಡಿಕೆಎಚ್, ಕ್ಯಾಲ್ಸಿಯಂ 420 ಪಿಪಿಎಂ ಆಸುಪಾಸು, ಉಪ್ಪು 1.025, ಉಷ್ಣ 25–26 ಡಿಗ್ರಿ. ಸಂಖ್ಯೆಂದಲೂ ಮುಖ್ಯ, ಅದು ಅಲುಗದ್ದೆ ಇಪ್ಪದು. ಕ್ಷಾರತೆ ಇಂದು 7, ನಾಳೆ 10 ಆದರೆ ಯಾವ ಜೀವ ತಡಗು? ಕುಪ್ಪಿಗೆ ಹಾಕುವ ಪೈಸೆಲಿ ಪರೀಕ್ಷೆಯ ಕಿಟ್ಟು ತೆಕ್ಕೊಳ್ಳಿ, ವಾರಕ್ಕೊಂದರಿ ನೋಡಿ. ಪೆಟ್ಟಿಗೆಗೆ ಒಂದು ಒರಿಷ ತುಂಬುವನ್ನಾರ ಮರುವಾಯಿಯ ಹೆಸರೆತ್ತೆಡಿ.

ಮತ್ತೊಂದು ಚಾಳಿ, ಜಾಗೆ ಬದಲುಸುದು. ಫೊಟೋಲಿ ಚೆಂದ ಕಾಂಬಲೆ ಇಂದು ಇತ್ಲಾಗಿ, ನಾಳೆ ಅತ್ಲಾಗಿ. ಅದು ಅಡಿಂದ ನೂಲು ಬಿಟ್ಟು ಕಲ್ಲಿಂಗೆ ಕಚ್ಚಿಗೊಂಡಿರ್ತು. ಎಳದು ಕಿತ್ತರೆ ನೂಲಿನ ಬುಡವೇ ಹರುದು ಸಾವಲೂ ಸಾಕು. ಕ್ರೋಸಿಯಾ, ಮ್ಯಾಕ್ಸಿಮಾ ಆದರೆ ಬೆಣಚ್ಚಿನ ಹತ್ತರೆ ಕಲ್ಲಿನ ಮೇಲೆ, ಡೆರಾಸಾ ಆದರೆ ಹೊಯಿಗೆಲಿ. ಮತ್ತೆ ಕೈ ಹಾಕೆಡಿ. ಇರುಳು ಟಾರ್ಚು ಹಾಕಿ ಚಿಪ್ಪಿನ ಕರೆಲಿ ಅಕ್ಕಿಕಾಳಿನ ಹಾಂಗಿಪ್ಪ ಬೆಳಿ ಶಂಖುಹುಳು ಇದ್ದೋ ನೋಡಿ. ಉಂಬಳದ ಹಾಂಗೆ ಹೀರ್ತು ಅದು. ಬ್ರಶ್ಶಿಲಿ ಉದ್ದಿ ತೆಗೆಯೆಕ್ಕು.

ಬೆಂಗ್ಳೂರಿಲಿಪ್ಪವಕ್ಕೆ ಬೇರೆಯೇ ಮಾತು. ಮ್ಯಾಕ್ಸಿಮಾ, ಸ್ಕ್ವಾಮೋಸಾ ಎರಡುದೆ 1972ರ ವನ್ಯಜೀವಿ ರಕ್ಷಣಾ ಕಾಯ್ದೆಯ ಪಟ್ಟಿಲಿ ಇದ್ದು. ಲಕ್ಷದ್ವೀಪದ ಕಡಲಿಂದ ಕದ್ದು ತಂದದರ "ಕಮ್ಮಿಗೆ ಸಿಕ್ಕಿತ್ತು ಭಾವ" ಹೇಳಿ ಮಡುಗುವವು ನೆಂಪು ಮಡಿಕ್ಕೊಳ್ಳಿ, ಹುಲಿ ಚರ್ಮಕ್ಕಿಪ್ಪ ಕಾಯ್ದೆಯೇ ಇದಕ್ಕುದೆ. ಅಮೆರಿಕಲ್ಲಿಪ್ಪವಕ್ಕೆ ಪಲಾವಿಲಿ ಸಾಂಕಿ ಬೆಳೆಶಿದ್ದು ಸಿಕ್ಕುತ್ತು (ಪಲಾವು ಹೇಳಿರೆ ಉಂಬದಲ್ಲ, ಪೆಸಿಫಿಕ್ಕಿನ ದ್ವೀಪ). ಕಡಲಿಲಿ ದಶಕಗಟ್ಟಲೆ ಬದುಕುವ ಜೀವಿಯ ಆರು ತಿಂಗಳಿಲಿ ಖಾಲಿ ಚಿಪ್ಪು ಮಾಡಿಕ್ಕಿ, "ಇನ್ನೊಂದು ತಂದರಾತು" ಹೇಳುವವರ ಕಂಡರೆ ಎನಗೆ ಪಿಸುರು ಬತ್ತು. ಎಲ್ಲಿ ಸಾಂಕಿದ್ದು ಹೇಳಿ ಅಂಗಡಿಯವರ ಕೇಳಿ. ಸಮ ಉತ್ತರ ಸಿಕ್ಕದ್ರೆ ಕೈ ಬೀಸಿಗೊಂಡು ಮನಗೆ ಬನ್ನಿ, ಕುಪ್ಪಿದೆ ಅಲ್ಲಿಯೇ ಇರಳಿ.